ಗ್ಲೌಖಾ ಊರಿನ ಫ್ರಾಂಕೆ ಅಯ್ಯನವರು

ಜರ್ಮನಿ ದೇಶದ ಔಗುಸ್ಟ್ ಹೆರ್ಮನ್ ಫ್ರಾಂಕೆ ಅಯ್ಯನವರು 1663ರಲ್ಲಿ ಲ್ಯೂಬೆಕ್ ಪಟ್ಟಣದಲ್ಲಿ ಹುಟ್ಟಿ, 1692ರಲ್ಲಿ ಹಾಲೆ ಪಟ್ಟಣದ ಮಗ್ಗುಲಲ್ಲಿದ್ದ ಗ್ಲೌಖಾ ಎಂಬ ಬಡ ಊರಿಗೆ ಬೋಧಕರಾಗಿ ಬಂದರು. ಪ್ರತಿ ಗುರುವಾರ ಭಿಕ್ಷುಕರು ಅವರ ಬಾಗಿಲಿಗೆ ಬರುವದುಂಟು. ರೊಟ್ಟಿ ಕೊಟ್ಟು ಹಾಗೆಯೇ ಕಳುಹಿಸಿಬಿಡುವದು ಸುಲಭವಾಗಿತ್ತು. ಅಯ್ಯನವರಾದರೋ ಅವರನ್ನು ಮನೆಯೊಳಗೆ ಕರೆದು ಮಕ್ಕಳನ್ನು ವಿಚಾರಿಸಲಾಗಿ, ಅವರಿಗೆ ದೇವರ ವಿಷಯವೇನೂ ತಿಳಿಯದೆಂದು ಕಂಡು ಬಹಳವಾಗಿ ನೊಂದರು. ಶಾಲೆಯ ಸಂಬಳಕ್ಕೆಂದು ಹಣ ಕೊಟ್ಟು ನೋಡಿದರು. ಮಕ್ಕಳು ಹಣವನ್ನು ಒಯ್ದರು, ಶಾಲೆಗೆ ಹೋಗಲಿಲ್ಲ.

ಆಗ ತಮ್ಮ ಮನೆಯಲ್ಲಿ ಒಂದು ಕಾಣಿಕೆ ಪೆಟ್ಟಿಗೆಯನ್ನು ಇಟ್ಟರು. 1695ರಲ್ಲಿ ಒಬ್ಬಾಕೆ ಅದರಲ್ಲಿ 4 ತಾಲರು 16 ಗ್ರೋಷನ್ ಹಾಕಿದಳು. ಅಯ್ಯನವರು ಅದೇ ದಿನ 2 ತಾಲರಿಗೆ ಪುಸ್ತಕಗಳನ್ನು ಕೊಂಡು, ಬಡ ವಿದ್ಯಾರ್ಥಿಯೊಬ್ಬನನ್ನು ಕಲಿಸುವದಕ್ಕೆ ನೇಮಿಸಿದರು. 27 ಪುಸ್ತಕಗಳನ್ನು ಹಂಚಿದರು. ತಿರಿಗಿ ಬಂದವು ನಾಲ್ಕೇ! ಮಿಕ್ಕ ಮಕ್ಕಳು ಪುಸ್ತಕದೊಡನೆ ಕಾಣೆಯಾದರು. ಪ್ರಿಯ ವಾಚಕರೇ, ಇಂಥದಾದರೆ ನಮ್ಮಲ್ಲಿ ಎಷ್ಟು ಮಂದಿ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದೆವೋ! ಅಯ್ಯನವರು ಉಳಿದ ಹಣದಿಂದ ಬೇರೆ ಪುಸ್ತಕಗಳನ್ನು ಕೊಂಡು, ಪಾಠ ಮುಗಿದ ಮೇಲೆ ಅವುಗಳನ್ನು ಶಾಲೆಯಲ್ಲಿಯೇ ಇಟ್ಟು ಹೋಗುವಂತೆ ಏರ್ಪಡಿಸಿದರು.

1698ರಲ್ಲಿ ಅನಾಥಶಾಲೆಯ ಅಸ್ತಿವಾರ ಹಾಕಲಾಯಿತು. ಅಯ್ಯನವರು 1727ರಲ್ಲಿ ತೀರಿಕೊಂಡಾಗ ಅವರ ಶಾಲೆಗಳಲ್ಲಿ 2,000ಕ್ಕಿಂತ ಹೆಚ್ಚು ಮಕ್ಕಳು ಕಲಿಯುತ್ತಿದ್ದರು. 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಸೀಗನ್‌ಬಾಲ್ಗ್ ಅಯ್ಯನವರು ಹಾಲೆಯಲ್ಲಿ ಓದಿದವರೇ. ಅವರು ಅಲ್ಲಿಯೂ ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು.