ಪೇಟೆಂಟು ಬಯಸದ ಯಂತ್ರಶಿಲ್ಪಿ ಲಾರೆನ್ಸ್ ಹಾರ್ಗ್ರೇವ್

ಸಂಕ್ರಾಂತಿ ಸಮೀಪಿಸಿತೆಂದರೆ ನಮ್ಮ ಮುಂಬಯಿಯ ಚಾಳುಗಳ ಮಾಳಿಗೆಗಳ ಮೇಲೆ ಗಾಳಿಪಟಗಳ ಸಂತೆ ನೆರೆಯುತ್ತದೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹದ ವೇಳೆಯಾಗುವ ಮುನ್ನ ದೊರೆಯುವ ಒಂದೆರಡು ಗಳಿಗೆಗಳ ಬಿಡುವಿನಲ್ಲಿ ನಮ್ಮ ಹೋಟೆಲುಗಳ ಹುಡುಗರೂ ದಾರವನ್ನು ಹಿಡಿದು ಆಕಾಶವನ್ನು ನೋಡುವುದುಂಟು. ಹಾಗೆ ನೋಡುವಾಗ ದಾರದ ತುದಿಯಲ್ಲಿ ಕೈಗೆ ತಗಲುವ ಆ ಎಳೆತವಿದೆಯಲ್ಲ, ಅದನ್ನು ಆಟವೆಂದು ಬಿಡದೆ ಅಳೆದು, ತೂಗಿ, ಬರೆದಿಟ್ಟು, ಕೊನೆಗೆ ಅದರಿಂದಲೇ ತನ್ನ ದೇಹವನ್ನು ನೆಲದಿಂದ ಮೇಲಕ್ಕೆತ್ತಿಸಿಕೊಂಡ ಮಹನೀಯನೊಬ್ಬನಿದ್ದನು. ವಿಮಾನಕ್ಕೆ ತಕ್ಕ ಹಗುರವಾದ ಯಂತ್ರವೊಂದರ ಕಲ್ಪನೆಯನ್ನು ಮೊಟ್ಟಮೊದಲು ಕೈಯಿಂದ ಮಾಡಿ ತೋರಿಸಿದವರಲ್ಲಿಯೂ ಅವನೊಬ್ಬನು. ಆಸ್ಟ್ರೇಲಿಯದ ಆ ಲಾರೆನ್ಸ್ ಹಾರ್ಗ್ರೇವನ ಜೀವನವನ್ನು ವಾಚಕರ ಮುಂದಿಡುವುದು ಇಂದಿನ ನಮ್ಮ ಉದ್ದೇಶ.

ಹಾರ್ಗ್ರೇವನು 1850ನೇ ಇಸವಿ ಜನವರಿ 29ರಂದು ಇಂಗ್ಲೆಂಡಿನ ಗ್ರೀನಿಚ್ ಎಂಬಲ್ಲಿ ಜನಿಸಿದನು. ತಂದೆಯು ಕಾನೂನು ಪಂಡಿತನು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತಕ್ಕೆ ಹೋಗಿ ಅಲ್ಲಿಯ ವರಿಷ್ಠ ನ್ಯಾಯಾಲಯದ ನ್ಯಾಯಾಧೀಶನಾದವನು. 1865ರಲ್ಲಿ ಮಗನೂ ಸಿಡ್ನಿ ನಗರವನ್ನು ಸೇರಿದನು. ಮಗನು ತನ್ನಂತೆಯೇ ಕಾನೂನು ಓದಬೇಕೆಂಬುದು ತಂದೆಯ ಆಸೆಯಾಗಿತ್ತು. ಆದರೆ ಹುಡುಗನು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣನಾಗಲಿಲ್ಲ. 1867ರಲ್ಲಿ ಅವನನ್ನು ಹಡಗಿನ ಕಂಪನಿಯೊಂದರ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಬಿಟ್ಟರು. ನ್ಯಾಯಾಧೀಶನ ಮಗನು ಅರ, ಸುತ್ತಿಗೆಗಳನ್ನು ಹಿಡಿದು ಲೋಹವನ್ನು ತೀಡುವುದನ್ನೂ ಯಂತ್ರದ ಭಾಗಗಳನ್ನು ಕೂಡಿಸುವುದನ್ನೂ ಕಲಿತನು. ಪರೀಕ್ಷೆಯಲ್ಲಿ ಸೋತವನಿಗೆ ವಿದ್ಯೆಯ ಬಾಗಿಲು ಮುಚ್ಚಿತೆಂದು ತಿಳಿಯುವ ನಮ್ಮ ಜನರು ಈ ಸಂಗತಿಯನ್ನು ಗಮನಿಸಬೇಕು. ಹಗಲೆಲ್ಲ ದುಡಿದು, ಬೆವರೊರೆಸಿಕೊಂಡು, ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬೆಂಚುಗಳ ಮೇಲೆ ಕುಳಿತು ಕಲಿತ ತಲೆಮಾರುಗಳಿಗೆ ಇದು ಹೊಸ ಮಾತೇನೂ ಅಲ್ಲ.

ತಾರುಣ್ಯದಲ್ಲಿ ಹಾರ್ಗ್ರೇವನಿಗೆ ಸಾಹಸದ ಹಂಬಲವು ಅತಿಯಾಗಿತ್ತು. 1872ರಲ್ಲಿ ನ್ಯೂಗಿನಿಗೆ ಚಿನ್ನವನ್ನರಸಿ ಹೊರಟ ಹಡಗೊಂದು ಕ್ವೀನ್ಸ್‌ಲೆಂಡಿನ ಕರಾವಳಿಯ ಹವಳದ ದಿಬ್ಬಕ್ಕೆ ಬಡಿದು ಮುಳುಗಿತು. ಅನೇಕರು ಮಡಿದರು, ಹಾರ್ಗ್ರೇವನು ಬದುಕಿ ಉಳಿದನು. ಆದರೂ ಧೈರ್ಯಗುಂದದೆ ಮತ್ತೆ ನ್ಯೂಗಿನಿಗೆ ಹೋಗಿ, 1876ರಲ್ಲಿ ಇಟಲಿಯ ಅನ್ವೇಷಕ ಡಿ ಆಲ್ಬರ್ಟಿಸ್ ಎಂಬವನು ಫ್ಲೈ ನದಿಯ ಮೇಲ್ಗಡೆಗೆ ಕೈಗೊಂಡ ಯಾತ್ರೆಯಲ್ಲಿ ಹಬೆದೋಣಿಯ ಎಂಜಿನಿಯರನಾಗಿ ಕೆಲಸ ಮಾಡಿದನು. ತರುವಾಯ 1878ರಲ್ಲಿ ವಿವಾಹವಾಗಿ, 1879ರಿಂದ 1883ರವರೆಗೆ ಸಿಡ್ನಿಯ ಖಗೋಳ ವೀಕ್ಷಣಾಲಯದಲ್ಲಿ ಸಹಾಯಕನಾಗಿದ್ದನು. ಕಂಡದ್ದನ್ನು ಕಂಡಂತೆಯೇ ಅಂಕೆಗಳಲ್ಲಿ ಬರೆದಿಡುವ ಶಿಸ್ತು ಅಲ್ಲಿ ಅವನಲ್ಲಿ ಬೇರೂರಿತು. ತಂದೆಯ ಆಸ್ತಿಯಿಂದ ಬರುವ ಆದಾಯವು ಸಂಸಾರಕ್ಕೆ ಸಾಕಾಗುವಂತಿದ್ದುದರಿಂದ 1883ರಲ್ಲಿ ಕೆಲಸವನ್ನು ಬಿಟ್ಟು, ಮನುಷ್ಯನು ಹಾರಬಹುದಾದ ಯಂತ್ರವನ್ನು ಕಂಡುಹಿಡಿಯುವ ಕಾರ್ಯಕ್ಕೆ ತನ್ನನ್ನು ಸಂಪೂರ್ಣವಾಗಿ ಅರ್ಪಿಸಿಕೊಂಡನು.

ಆ ಕಾಲದಲ್ಲಿ ವಿಮಾನದ ಕಾರ್ಖಾನೆಯೆಂಬುದು ಭೂಮಂಡಲದಲ್ಲೇ ಇರಲಿಲ್ಲ. ಹಾರುವ ಹಂಬಲವುಳ್ಳವರೆಲ್ಲರೂ ತಮ್ಮ ಮನೆಯ ಕೋಣೆಯಲ್ಲೋ ಹಿತ್ತಲಿನಲ್ಲೋ ಕುಳಿತು ಮರ, ಬಟ್ಟೆ, ತಗಡುಗಳಿಂದ ಏನನ್ನಾದರೂ ಕಟ್ಟಬೇಕಾಗಿತ್ತು. ಹಾರ್ಗ್ರೇವನು ಮೀನು ಈಜುವುದನ್ನೂ ಹಾವು ಹರಿಯುವುದನ್ನೂ ಹಕ್ಕಿ ರೆಕ್ಕೆ ಬಡಿಯುವುದನ್ನೂ ದೀರ್ಘಕಾಲ ನಿರೀಕ್ಷಿಸಿ, ಮೊದಲು ರಬ್ಬರಿನ ಪಟ್ಟಿಗಳಿಂದಲೂ ಬಳಿಕ ಒತ್ತಿ ತುಂಬಿದ ಗಾಳಿಯಿಂದಲೂ ನಡೆಯುವ ಚಿಕ್ಕ ಮಾದರಿಗಳನ್ನು ಒಂದಾದ ಮೇಲೊಂದರಂತೆ ಮಾಡಿ ಹಾರಿಸಿದನು. ಮಾದರಿಗಳೇನೋ ಹಾರಿದವು. ಆದರೆ ಮನುಷ್ಯನನ್ನು ಹೊರುವ ಯಂತ್ರಕ್ಕೆ ಬೇಕಾದ ಬಲವು ಎಲ್ಲಿಂದ ಬರಬೇಕು? ಬಲವುಳ್ಳ ಯಂತ್ರವು ಭಾರವಾಗಿರುತ್ತದೆ. ಹಗುರವಾದ ಯಂತ್ರದಲ್ಲಿ ಬಲವಿರುವುದಿಲ್ಲ. ವಿಮಾನದ ಇತಿಹಾಸದ ಮುಖ್ಯ ತೊಡಕು ಇದೇ ಆಗಿತ್ತು.

1889ರಲ್ಲಿ ಹಾರ್ಗ್ರೇವನು ಈ ತೊಡಕನ್ನು ಬಿಡಿಸುವ ಒಂದು ಹಾದಿಯನ್ನು ಕಂಡನು. ಸಾಮಾನ್ಯವಾದ ಎಂಜಿನಿನಲ್ಲಿ ಸಿಲಿಂಡರುಗಳು ಅಲುಗದೆ ನಿಂತಿರುತ್ತವೆ. ಅವುಗಳೊಳಗಿನ ಪಿಸ್ಟನ್ನುಗಳು ಕ್ರ್ಯಾಂಕ್ ದಂಡವನ್ನು ತಿರುಗಿಸುತ್ತವೆ. ಹಾರ್ಗ್ರೇವನು ಇದನ್ನು ತಲೆಕೆಳಗು ಮಾಡಿದನು. ದಂಡವನ್ನು ಚೌಕಟ್ಟಿಗೆ ಭದ್ರವಾಗಿ ಬಿಗಿದು, ಅದರ ಸುತ್ತ ಚಕ್ರದ ಕಡ್ಡಿಗಳಂತೆ ಜೋಡಿಸಿದ ಮೂರು ಸಿಲಿಂಡರುಗಳು ಪಂಖದ ಸಮೇತ ತಾವೇ ಗಿರಗಿರನೆ ತಿರುಗುವಂತೆ ಮಾಡಿದನು. ನಮ್ಮ ಹೋಟೆಲುಗಳಲ್ಲಿ ಕೆಲಸ ಮಾಡುವವರಿಗೆ ಇದನ್ನು ತಿಳಿಸುವುದು ಸುಲಭ. ಊರಿನ ಮನೆಯಲ್ಲಿ ಒರಳು ನಿಂತಿರುತ್ತದೆ, ಗುಂಡು ತಿರುಗುತ್ತದೆ. ಹೋಟೆಲಿನ ವಿದ್ಯುತ್ ರುಬ್ಬುವ ಯಂತ್ರದಲ್ಲಿಯಾದರೋ ಗುಂಡನ್ನು ತಡೆದು ನಿಲ್ಲಿಸಿ ಒರಳನ್ನೇ ತಿರುಗಿಸುತ್ತಾರೆ. ಹಿಟ್ಟು ಎರಡರಲ್ಲೂ ಆಗುತ್ತದೆ. ಆದರೆ ಎಂಜಿನಿನಲ್ಲಿ ಈ ಬದಲಾವಣೆಯಿಂದ ಎರಡು ದೊಡ್ಡ ಲಾಭಗಳುಂಟು. ತಿರುಗುವ ಸಿಲಿಂಡರುಗಳೇ ಭಾರಚಕ್ರದ ಕೆಲಸವನ್ನು ಮಾಡುವುದರಿಂದ ಬೇರೆ ಭಾರಚಕ್ರವು ಬೇಡ. ಅವು ಗಾಳಿಯನ್ನು ಸೀಳಿಕೊಂಡು ಸುತ್ತುವುದರಿಂದ, ಪೆಟ್ರೋಲು ಉರಿಯುವ ಎಂಜಿನಿನಲ್ಲಿ ತಾವಾಗಿಯೇ ತಣ್ಣಗಾಗುತ್ತವೆ. ನೀರಿನ ತೊಟ್ಟಿಯೂ ಬೇಡ. ಭಾರವು ಇಳಿಯಿತು, ಬಲವು ಉಳಿಯಿತು. ಹಾರ್ಗ್ರೇವನ ಮಾದರಿಯು ಒತ್ತಿದ ಗಾಳಿಯಿಂದ ನಡೆಯುವ ಪುಟ್ಟ ಯಂತ್ರವಾಗಿದ್ದರೂ ತತ್ತ್ವವು ಪೂರ್ಣವಾಗಿ ಅದರಲ್ಲಿತ್ತು.

ಯಂತ್ರವೊಂದಿದ್ದರೆ ಸಾಲದು, ಹೊರುವ ರೆಕ್ಕೆಯೂ ಸ್ಥಿರವಾಗಿರಬೇಕು. 1893ರಲ್ಲಿ ಹಾರ್ಗ್ರೇವನು ಸಿಡ್ನಿಯ ದಕ್ಷಿಣಕ್ಕೆ ಕಡಲತೀರದಲ್ಲಿರುವ ಸ್ಟಾನ್‌ವೆಲ್ ಪಾರ್ಕ್ ಎಂಬಲ್ಲಿ ಮನೆ ಮಾಡಿದನು. ಅಲ್ಲಿ ಕಡಲಿನಿಂದ ಬೀಸುವ ಬಲವಾದ ಗಾಳಿಯಲ್ಲಿ ಬಗೆಬಗೆಯ ಪಟಗಳನ್ನು ಪರೀಕ್ಷಿಸಿ, ತಳವೂ ಮುಚ್ಚಳವೂ ಇಲ್ಲದ ಎರಡು ಪೆಟ್ಟಿಗೆಗಳನ್ನು ಕೋಲುಗಳಿಂದ ಜೋಡಿಸಿದಂತೆ ಕಾಣುವ ಪೆಟ್ಟಿಗೆ ಗಾಳಿಪಟವನ್ನು ನಿರ್ಮಿಸಿದನು. ನಮ್ಮ ಸಂಕ್ರಾಂತಿಯ ಪಟದಂತೆ ಅದು ತಲೆಯನ್ನು ಅತ್ತಿತ್ತ ಹೊಯ್ದಾಡಿಸುತ್ತಿರಲಿಲ್ಲ. ಬಾಲದ ಹಂಗಿಲ್ಲದೆ ಗಾಳಿಯಲ್ಲಿ ನಿಶ್ಚಲವಾಗಿ ನಿಲ್ಲುತ್ತಿತ್ತು. 1894ನೇ ನವೆಂಬರ್ 12ರಂದು ಇಂತಹ ನಾಲ್ಕು ಪಟಗಳನ್ನು ಒಂದೇ ಹಗ್ಗಕ್ಕೆ ಕಟ್ಟಿ, ಕೆಳಗೆ ತೂಗುವ ಪೀಠದಲ್ಲಿ ತಾನು ಕುಳಿತು, ಗಂಟೆಗೆ 21 ಮೈಲಿ ವೇಗದ ಗಾಳಿಯಲ್ಲಿ ನೆಲದಿಂದ 16 ಅಡಿ ಮೇಲಕ್ಕೇರಿದನು. ಹಾಗೆ ಏರುವಾಗಲೂ ಅವನ ಬಳಿಯಲ್ಲಿ ಗಾಳಿಯ ವೇಗವನ್ನೂ ಹಗ್ಗದ ಕೋನವನ್ನೂ ಅಳೆಯುವ ಉಪಕರಣಗಳಿದ್ದವೆಂಬುದು ನೆನಪಿಡತಕ್ಕದ್ದು.

ಇಷ್ಟನ್ನು ಮಾಡಿದವನು ಪೇಟೆಂಟು ಪಡೆದು ಧನಿಕನಾಗಬಹುದಾಗಿತ್ತು. ಹಾರ್ಗ್ರೇವನು ತನ್ನ ಯಾವ ಶೋಧಕ್ಕೂ ಪೇಟೆಂಟು ತೆಗೆದುಕೊಳ್ಳಲಿಲ್ಲ. ಫಲಿತಾಂಶವನ್ನು ಬಚ್ಚಿಟ್ಟುಕೊಂಡರೆ ಭಾಗ್ಯ ಬರುವುದೆಂಬ ಭ್ರಮೆಯನ್ನು ಹಾರಾಟಕ್ಕಾಗಿ ದುಡಿಯುವವರೆಲ್ಲರೂ ಬಿಡಬೇಕೆಂಬುದು ಅವನ ದೃಢವಾದ ಮತವಾಗಿತ್ತು. ಪ್ರತಿಯೊಂದು ಮಾದರಿಯ ಅಳತೆ, ತೂಕ, ಚಿತ್ರಗಳನ್ನು, ಸೋತದ್ದನ್ನೂ ಗೆದ್ದದ್ದನ್ನೂ, ನ್ಯೂ ಸೌತ್ ವೇಲ್ಸಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧಗಳಾಗಿ ಓದಿದನು; ಕೇಳಿದವರಿಗೆ ಅಂಚೆಯ ಮೂಲಕ ಕಳುಹಿಸಿದನು. ಅಮೆರಿಕದ ಆಕ್ಟೇವ್ ಶನೂಟ್ ಎಂಬ ಎಂಜಿನಿಯರನು 1894ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಹಾರ್ಗ್ರೇವನ ಕಾರ್ಯವನ್ನು ಬಹಳವಾಗಿ ಮೆಚ್ಚಿ ವಿವರಿಸಿದನು. ರೈಟ್ ಸಹೋದರರಿಗೆ ಹಿರಿಯ ಮಿತ್ರನಾದವನು ಇದೇ ಶನೂಟನು. ಯುರೋಪಿನಲ್ಲಿ ಪೆಟ್ಟಿಗೆ ಪಟದ ವಿನ್ಯಾಸವೇ ಮೊದಲ ವಿಮಾನಗಳ ರೆಕ್ಕೆಯಾಯಿತು. 1906ರಲ್ಲಿ ಸಾಂತೋಸ್ ಡ್ಯುಮಾಂಟನು ಪ್ಯಾರಿಸಿನಲ್ಲಿ ಹಾರಿಸಿದ ವಿಮಾನವನ್ನು ನೋಡಿದವರಿಗೆ ಹಾರ್ಗ್ರೇವನ ಪೆಟ್ಟಿಗೆಗಳು ಎದ್ದು ಕಾಣುತ್ತಿದ್ದವು.

ತಿರುಗುವ ಎಂಜಿನಿನ ತತ್ತ್ವವೂ ಎರಡು ದಶಕಗಳ ತರುವಾಯ ಫ್ರಾನ್ಸಿನಲ್ಲಿ ಫಲಿಸಿತು. 1903ರಲ್ಲಿ ರೈಟ್ ಸಹೋದರರು ತಾವೇ ಮಾಡಿಸಿಕೊಂಡ ಎಂಜಿನು ಸುಮಾರು 80 ಕಿಲೋ ತೂಗುತ್ತ 12 ಅಶ್ವಶಕ್ತಿಯನ್ನು ಕೊಡುತ್ತಿತ್ತು. 1909ರಲ್ಲಿ ಸೆಗ್ಯಾಂ ಸಹೋದರರ ನೋಮ್ ಎಂಬ ಏಳು ಸಿಲಿಂಡರಿನ ತಿರುಗುವ ಎಂಜಿನು ಹೆಚ್ಚುಕಡಿಮೆ ಅಷ್ಟೇ ತೂಕದಲ್ಲಿ 50 ಅಶ್ವಶಕ್ತಿಯನ್ನು ಕೊಟ್ಟಿತು. ಅದೇ ವರ್ಷ ಆಗಸ್ಟಿನಲ್ಲಿ ರೀಮ್ಸ್ ನಗರದ ಸ್ಪರ್ಧೆಯಲ್ಲಿ ಹೆನ್ರಿ ಫಾರ್ಮನನು ಈ ಎಂಜಿನಿನಿಂದ 180 ಕಿಲೋಮೀಟರ್ ಹಾರಿ ಬಹುಮಾನವನ್ನು ಗೆದ್ದನು. ಅಲ್ಲಿಂದ ಮುಂದೆ ಕೊಟ್ಟಿಗೆಯಲ್ಲಿ ವಿಮಾನ ಕಟ್ಟುವವರಿಗೂ ಬಲವಾದ, ಹಗುರವಾದ ಯಂತ್ರವನ್ನು ಹಣ ಕೊಟ್ಟು ತರುವುದು ಸಾಧ್ಯವಾಯಿತು. ದೋಷಗಳೂ ಇದ್ದವು. ಅದಕ್ಕೆ ಹೊಯ್ಯುತ್ತಿದ್ದ ಹರಳೆಣ್ಣೆಯು ಸಿಲಿಂಡರಿನಿಂದ ಸಿಡಿದು ವೈಮಾನಿಕನ ಮುಖಕ್ಕೆ ರಾಚುತ್ತಿತ್ತು. ತಿರುಗುವ ಭಾರದ ಸೆಳೆತದಿಂದ ವಿಮಾನವು ಒಂದು ಕಡೆಗೆ ಥಟ್ಟನೆ ಹೊರಳಿದರೆ ಇನ್ನೊಂದು ಕಡೆಗೆ ಹೊರಳಲು ಮೊಂಡುಹಿಡಿಯುತ್ತಿತ್ತು. ಮೊದಲ ಮಹಾಯುದ್ಧದ ಬಳಿಕ ಈ ಎಂಜಿನು ಹಿಂದೆ ಸರಿಯಿತು.

ಹಾರ್ಗ್ರೇವನ ಕಡೆಯ ದಿನಗಳು ಸುಖದವಾಗಿರಲಿಲ್ಲ. ತನ್ನದೇ ಆದ ಎಂಜಿನಿನಿಂದ ಮನುಷ್ಯನು ಹಾರುವುದನ್ನು ಅವನು ಸಾಧಿಸಲಾರದೆ ಹೋದನು. ಬೇಕಾದಷ್ಟು ಹಗುರವಾದ ಯಂತ್ರವು ಅವನ ಏಕಾಂಗಿ ಕೈಗಳಿಗೆ ನಿಲುಕಲಿಲ್ಲ. ತನ್ನ ಮಾದರಿಗಳಿಗೆ ಸ್ವದೇಶದಲ್ಲಿ ತಕ್ಕ ಸ್ಥಾನವು ದೊರೆಯದಿದ್ದುದರಿಂದ 1910ರಲ್ಲಿ ಅವುಗಳನ್ನು ಜರ್ಮನಿಯ ಮ್ಯೂನಿಕ್ ನಗರದ ವಸ್ತುಸಂಗ್ರಹಾಲಯಕ್ಕೆ ಕೊಟ್ಟನು. ಹಾರುವ ಯಂತ್ರವು ಜನಾಂಗಗಳ ನಡುವಣ ಅಡ್ಡಗೋಡೆಗಳನ್ನು ಕೆಡವಿ ಶಾಂತಿಯನ್ನು ತರುವುದೆಂದು ನಂಬಿದ್ದವನು ಅವನು. 1914ರಲ್ಲಿ ಯುದ್ಧವು ಸಿಡಿಯಿತು. ಎರಡು ಪಕ್ಷಗಳವರೂ ತಿರುಗುವ ಎಂಜಿನಿನ ವಿಮಾನಗಳಲ್ಲಿ ಕುಳಿತು ಒಬ್ಬರನ್ನೊಬ್ಬರು ಹೊಡೆದುರುಳಿಸಿದರು. 1915ರ ಮೇ ತಿಂಗಳಿನಲ್ಲಿ ಅವನ ಮಗ ಜೆಫ್ರಿಯು ಗ್ಯಾಲಿಪೊಲಿಯ ರಣರಂಗದಲ್ಲಿ ಮಡಿದನು. ಅದೇ ಜುಲೈಯಲ್ಲಿ ಹಾರ್ಗ್ರೇವನೂ ಹೊಟ್ಟೆಯ ಶಸ್ತ್ರಚಿಕಿತ್ಸೆಯ ತರುವಾಯ ತೀರಿಕೊಂಡನು. ಮ್ಯೂನಿಕ್‌ನಲ್ಲಿದ್ದ ಮಾದರಿಗಳಲ್ಲಿ ಬಹುಭಾಗವು ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಬಲಿಯಾಯಿತು. ಉಳಿದವು ಸಿಡ್ನಿಗೆ ಮರಳಿದವು. 1966ರಿಂದ 1994ರವರೆಗೆ ಆಸ್ಟ್ರೇಲಿಯದ 20 ಡಾಲರಿನ ನೋಟಿನ ಮೇಲೆ ಅವನ ಚಿತ್ರವಿತ್ತು. ತನ್ನ ಶೋಧದಿಂದ ಹಣ ಬಯಸದವನ ಮುಖವು ಹಣದ ಮೇಲೆಯೇ ಅಚ್ಚಾಯಿತು.

ಹಾರ್ಗ್ರೇವನು ಪಟಗಳಿಂದ ಮೇಲೇರಿದ ಮರುವರ್ಷ, ಎಂದರೆ 1895ರಲ್ಲಿ, ನಮ್ಮ ಗಿರಗಾಂವ್ ಚೌಪಾಟಿಯಲ್ಲಿ ಶಿವಕರ ಬಾಪೂಜಿ ತಲಪದೆಯವರು ವಿಮಾನವನ್ನು ಹಾರಿಸಿದರೆಂಬ ಕಥೆಯನ್ನು ಮುಂಬಯಿಯವರೆಲ್ಲರೂ ಕೇಳಿರುತ್ತಾರೆ. ಅವರ ಉತ್ಸಾಹಕ್ಕೆ ನಾವು ತಲೆಬಾಗುತ್ತೇವೆ. ಆದರೆ ಕೈಗೆ ತೆಗೆದುಕೊಂಡು ಮತ್ತೆ ಕಟ್ಟಿ ನೋಡಬಹುದಾದ ಅಳತೆಯಾಗಲಿ ನಕ್ಷೆಯಾಗಲಿ ಆ ಕಥೆಯೊಂದಿಗೆ ನಮಗೆ ಬಂದಿಲ್ಲ. ಇದೇ ಸಂಬಂಧದಲ್ಲಿ ಹೆಸರು ಕೇಳಿಬರುವ ನಮ್ಮ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ ವೈಮಾನಿಕ ಶಾಸ್ತ್ರವನ್ನು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಪರೀಕ್ಷಿಸಿ, ಅದರಲ್ಲಿಯ ವಿಮಾನಗಳು ಹಾರಲಾರವೆಂದು ತೀರ್ಮಾನಿಸಿದರು. ಅಭಿಮಾನವು ಒಳ್ಳೆಯದೇ, ಆದರೆ ಹಾರಲು ಬೇಕಾದದ್ದು ಅಳತೆ. ಹಾರ್ಗ್ರೇವನು ಕೇವಲ 16 ಅಡಿ ಏರಿದನು. ಆ 16 ಅಡಿಗಳ ಲೆಕ್ಕವನ್ನು ಲೋಕಕ್ಕೆ ಕೊಟ್ಟದ್ದರಿಂದ ಲೋಕವು ಅದರ ಮೇಲೆ ಮೆಟ್ಟಲು ಕಟ್ಟಿತು.

ಮನೆಯಲ್ಲಿ ವಿಮಾನ ಕಟ್ಟುವ ಪರಂಪರೆಯು ಇಂದಿಗೂ ಅಳಿದಿಲ್ಲ. ಈಗ ರೋಟರಿ ಎಂಜಿನೆಂದರೆ ಬಹುಮಂದಿಗೆ ನೆನಪಾಗುವುದು ಜರ್ಮನಿಯ ಫೆಲಿಕ್ಸ್ ವಾಂಕೆಲನ ಬೇರೊಂದು ಯಂತ್ರ. 1957ರಲ್ಲಿ ಮೊದಲು ನಡೆದ ಇದರಲ್ಲಿ ಪಿಸ್ಟನ್ನೂ ಇಲ್ಲ, ಕವಾಟವೂ ಇಲ್ಲ. ಉಬ್ಬಿದ ಮೂರು ಬದಿಗಳ ತುಂಡೊಂದು ಕೋಣೆಯೊಳಗೆ ಉರುಳುತ್ತದೆ. ಜಪಾನಿನ ಮಾಜ್ಡಾ ಕಾರಿನ ಇಂತಹ ಎಂಜಿನನ್ನು ತೆಗೆದು ತಾವು ಕಟ್ಟಿದ ವಿಮಾನಕ್ಕೆ ಕೂಡಿಸುವ ಹವ್ಯಾಸಿಗಳು ಅಮೆರಿಕ ಮುಂತಾದ ದೇಶಗಳಲ್ಲಿದ್ದಾರೆ. ಅದರ ದಂಡವು ಪಂಖಕ್ಕೆ ಹಿತವಾದುದಕ್ಕಿಂತ ಬಹಳ ವೇಗವಾಗಿ ತಿರುಗುವುದರಿಂದ ವೇಗವನ್ನಿಳಿಸುವ ಹಲ್ಲುಚಕ್ರಗಳು ಬೇಕು. ಶಾಖವು ಹೆಚ್ಚಾದುದರಿಂದ ತಂಪಿನ ಏರ್ಪಾಡೂ ಚೆನ್ನಾಗಿರಬೇಕು. ಒಬ್ಬನು ಪಟ್ಟ ಪಾಡನ್ನು ಇನ್ನೊಬ್ಬನಿಗೆ ತಿಳಿಸಿಯೇ ಅವರು ಮುಂದುವರಿದಿದ್ದಾರೆ. ನಮ್ಮ ಕಾಂದಿವಲಿಯ ಚಾರ್‌ಕೋಪಿನಲ್ಲಿಯೂ ಅಮೋಲ್ ಯಾದವ್ ಎಂಬ ವೈಮಾನಿಕರು ತಮ್ಮ ಕಟ್ಟಡದ ತಾರಸಿಯ ಮೇಲೆ ವಿಮಾನವನ್ನು ಕಟ್ಟಿದರು. 2016ರಲ್ಲಿ ಅದನ್ನು ಬಾಂದ್ರಾ ಕುರ್ಲಾ ಸಂಕೀರ್ಣದ ಪ್ರದರ್ಶನದಲ್ಲಿ ಜನರು ಕಂಡರು.

ನಮ್ಮಲ್ಲಿ ಎಲ್ಲರೂ ವಿಮಾನ ಕಟ್ಟುವವರಲ್ಲ. ಆದರೆ ಹಿಟ್ಟಿನ ಹದವನ್ನೋ, ಲೆಕ್ಕಪುಸ್ತಕದ ಕ್ರಮವನ್ನೋ, ಯಂತ್ರವೊಂದರ ದುರಸ್ತಿಯನ್ನೋ ಬಲ್ಲ ಹಿರಿಯರು ಪ್ರತಿಯೊಂದು ಹೋಟೆಲಿನಲ್ಲಿಯೂ ಕಚೇರಿಯಲ್ಲಿಯೂ ಇದ್ದಾರೆ. ಊರಿನಿಂದ ನಿನ್ನೆ ಬಂದ ಹುಡುಗನಿಗೆ ಅದನ್ನು ಕಲಿಸಿದರೆ ತಮ್ಮ ಬೆಲೆಯು ಇಳಿಯುವುದೆಂದು ಅಂಜುವವರೂ ಇದ್ದಾರೆ. ಅಂತಹವರು ಸ್ಟಾನ್‌ವೆಲ್ ಪಾರ್ಕಿನ ಆ ಕಡಲತೀರವನ್ನು ಒಮ್ಮೆ ನೆನೆಯಲಿ. ಬಚ್ಚಿಟ್ಟ ವಿದ್ಯೆಯು ಬಲ್ಲವನೊಂದಿಗೆ ಮುಗಿಯುತ್ತದೆ. ಹಾರ್ಗ್ರೇವನು ಹಂಚಿದ ವಿದ್ಯೆಯಾದರೋ, ಅವನು ತಾನು ಹಾರದಿದ್ದರೂ ಇತರರ ವಿಮಾನಗಳಲ್ಲಿ ಮೇಲಕ್ಕೆದ್ದಿತು.