ಲೆಕ್ಕ ಒಪ್ಪಿಸಿದ ದಿವಾನರು

ಮೈಸೂರಿನ ದೊಡ್ಡ ಗಡಿಯಾರದ ಪಕ್ಕದ ಟೌನ್‌ಹಾಲ್ ಯಾರಿಗೆ ಗೊತ್ತಿಲ್ಲ? ನಾಟಕ, ಸನ್ಮಾನ, ಸಭೆ-ಸಮಾರಂಭ ಅಂತ ಊರಿನವರು ಅಲ್ಲಿಗೆ ಹೋಗಿಬರುತ್ತಲೇ ಇರುತ್ತಾರೆ. ಬಸ್ಸಿನಲ್ಲಿ ಆ ಕಡೆ ಹಾದುಹೋಗುವವರಿಗೆ ಅದೊಂದು ಗುರುತು. ಆದರೆ ಆ ಕಟ್ಟಡದ ಪೂರ್ತಿ ಹೆಸರು ರಂಗಾಚಾರ್ಲು ಪುರಭವನ. ಯಾರಪ್ಪ ಈ ರಂಗಾಚಾರ್ಲು ಅಂತ ಕೇಳಿದರೆ ಯಾರೋ ಹಳೇ ಕಾಲದ ದಿವಾನರು ಇರಬೇಕು ಅನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ.

ದಿವಾನರು ಹೌದು. ಆದರೆ ಬರೀ ದಿವಾನರಲ್ಲ. ಕಳೆದ ವರ್ಷ ಸರ್ಕಾರ ಏನು ಮಾಡಿತು, ಎಷ್ಟು ದುಡ್ಡು ಬಂತು, ಎಷ್ಟು ಹೋಯಿತು, ಬರುವ ವರ್ಷ ಏನು ಮಾಡಬೇಕು ಅಂತಿದೆ ಎಂಬುದನ್ನು ರೈತರು, ವರ್ತಕರ ಎದುರು ನಿಂತು ಹೇಳಿದ ಮೊದಲ ದಿವಾನರು. ಅದೂ ಯಾರೂ ಕೇಳದೆ ಇದ್ದಾಗ. ರಾಜರ ಆಳ್ವಿಕೆಯಲ್ಲಿ ದಿವಾನರನ್ನು ಲೆಕ್ಕ ಕೇಳುವ ಧೈರ್ಯ ಯಾರಿಗಿತ್ತು?

ಗುಮಾಸ್ತೆ ಕೆಲಸದಿಂದ ಶುರು

ಸಿ. ವಿ. ರಂಗಾಚಾರ್ಲು ಹುಟ್ಟಿದ್ದು 1831ರಲ್ಲಿ, ಮದರಾಸು ಪ್ರಾಂತದ ಚೆಂಗಲ್‌ಪೇಟೆ ಜಿಲ್ಲೆಯಲ್ಲಿ. ಮೈಸೂರು ರಾಜ್ಯದ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಇಂಗ್ಲಿಷರು ಕಿತ್ತುಕೊಂಡದ್ದೂ ಅದೇ 1831ರಲ್ಲಿ. ಮುಂದೆ ಐವತ್ತು ವರ್ಷವಾದ ಮೇಲೆ ರಾಜ್ಯ ಮತ್ತೆ ಒಡೆಯರ ಮನೆತನಕ್ಕೆ ಬಂದಾಗ ಆಡಳಿತದ ಚುಕ್ಕಾಣಿ ಹಿಡಿದವರು ಆ ವರ್ಷ ಹುಟ್ಟಿದ ಇವರೇ.

ಮನೆಯಲ್ಲಿ ಸಿರಿತನ ಏನಿರಲಿಲ್ಲ. ಮದರಾಸಿನಲ್ಲಿ ಓದು ಮುಗಿಸಿ ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತೆ ಕೆಲಸಕ್ಕೆ ಸೇರಿದರು. ಅಲ್ಲಿಂದ ಮೇಲೆ ಬಂದದ್ದೆಲ್ಲ ಕಾಗದ ಪತ್ರ, ಲೆಕ್ಕದ ಪುಸ್ತಕ ಹಿಡಿದೇ. ಇನಾಂ ಜಮೀನುಗಳ ಹಕ್ಕುಪತ್ರ ತಪಾಸಣೆ ಮಾಡಲು ಸರ್ಕಾರ ಇನಾಂ ಕಮಿಷನ್ ನೇಮಿಸಿದಾಗ ಅಲ್ಲಿ ದುಡಿದರು. ಯಾವ ಇನಾಂ ಅಸಲಿ, ಯಾವುದು ನಕಲಿ ಅಂತ ಕಂಡುಹಿಡಿಯುವ ಕೆಲಸ ಅದು. ಆಮೇಲೆ ಕಲ್ಲಿಕೋಟೆಯಲ್ಲಿ ಡೆಪ್ಯುಟಿ ಕಲೆಕ್ಟರ್ ಆದರು. ಲೆಕ್ಕದಲ್ಲಿ ಗಟ್ಟಿಗ ಎಂಬ ಹೆಸರು ಮಾತ್ರ ಅವರು ಹೋದ ಕಡೆಯೆಲ್ಲ ಅವರಿಗಿಂತ ಮೊದಲೇ ಹೋಗಿರುತ್ತಿತ್ತು.

ಅರಮನೆಯ ಗಂಟು

1868ರ ಮಾರ್ಚ್‌ನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ದತ್ತು ಮಗ ಚಾಮರಾಜೇಂದ್ರ ಒಡೆಯರಿಗೆ ಆಗಿನ್ನೂ ಐದು ವರ್ಷ. ಅರಮನೆ ಅಂದಮೇಲೆ ಒಡವೆ, ಆನೆ, ಕುದುರೆ, ನೂರಾರು ಚಾಕರಿಯವರು. ಜೊತೆಗೆ ಬೇಕಾದಷ್ಟು ಸಾಲ. ಯಾರಿಗೆ ಎಷ್ಟು ಕೊಡಬೇಕು, ಯಾರ ಕೈಯಲ್ಲಿ ಏನಿದೆ ಎಂಬುದೇ ಗೋಜಲು. ದೊರೆ ಹೋದಮೇಲೆ ಸಾಲದ ಪತ್ರ ಹಿಡಿದು ಬಾಗಿಲಿಗೆ ಬರುವವರಿಗೇನು ಬರವೇ?

ಈ ಗಂಟು ಬಿಡಿಸಲು ಆಗಿನ ಕಮಿಷನರ್ ಬೌರಿಂಗ್ ಸಾಹೇಬರ ಕಾಲದಲ್ಲಿ ರಂಗಾಚಾರ್ಲು ಮೈಸೂರಿಗೆ ಬಂದರು. ಮೊದಲು ಕೈಹಾಕಿದ್ದು ಪಟ್ಟಿ ಮಾಡುವುದಕ್ಕೆ. ಇರುವ ಸಾಮಾನು ಬರೆಸಿದರು. ನಿಜವಾದ ಸಾಲ ಯಾವುದು, ಸುಮ್ಮನೆ ಬರೆದದ್ದು ಯಾವುದು ಅಂತ ಜಾಲಿಸಿದರು. ಅರಮನೆಯ ಕಂಟ್ರೋಲರ್ ಆಗಿ ಖರ್ಚಿಗೆ ಕಡಿವಾಣ ಹಾಕಿದರು. ಅಂಥವರಿಗೆ ಅರಮನೆಯೊಳಗೆ ಎಷ್ಟು ಜನ ಮಿತ್ರರು ಇದ್ದಿರಬಹುದು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಮುಂದೆ 1874ರಲ್ಲಿ ಮೈಸೂರಿನ ಇಂಗ್ಲಿಷ್ ಆಡಳಿತದ ಬಗ್ಗೆ ಇಂಗ್ಲಿಷಿನಲ್ಲೇ ಒಂದು ಸಣ್ಣ ಪುಸ್ತಕ ಬರೆದರು. ದೊಡ್ಡ ದೊಡ್ಡ ಸಂಬಳದ ಯೂರೋಪಿಯನ್ ಅಧಿಕಾರಿಗಳ ಸಾಲು ಬೆಳೆಯುತ್ತಾ ಹೋಗಿದೆ, ರಾಜ್ಯಕ್ಕೆ ಇದು ಭಾರ, ಇದೇ ಕೆಲಸವನ್ನು ಇಲ್ಲಿನ ಜನ ಕಡಿಮೆ ಖರ್ಚಿನಲ್ಲಿ ಮಾಡಬಲ್ಲರು ಎಂಬುದು ಅದರ ಸಾರ. ಅವರದೇ ಆಡಳಿತದಲ್ಲಿ ಕೆಲಸ ಮಾಡುತ್ತಾ ಅವರದೇ ಖರ್ಚಿನ ಲೆಕ್ಕ ಬಿಚ್ಚಿಟ್ಟದ್ದು ಸಣ್ಣ ಮಾತಲ್ಲ.

ಬರ ಉಂಡ ನಾಡು, ಸಾಲದ ಬೊಕ್ಕಸ

1881ರ ಮಾರ್ಚ್ 25ರಂದು ರಾಜ್ಯ ಚಾಮರಾಜೇಂದ್ರ ಒಡೆಯರಿಗೆ ವಾಪಸು ಬಂತು. ದೊರೆಗೆ ವಯಸ್ಸು 18, ದಿವಾನ್ ರಂಗಾಚಾರ್ಲು ಅವರಿಗೆ 50. ಊರೆಲ್ಲ ತೋರಣ, ವಾದ್ಯ. ಆದರೆ ದಿವಾನರ ಮೇಜಿನ ಮೇಲೆ ಇದ್ದ ಲೆಕ್ಕ ನೋಡಿದರೆ ಯಾರಿಗೂ ನಿದ್ದೆ ಹತ್ತುವ ಹಾಗಿರಲಿಲ್ಲ.

1876ರಿಂದ 78ರವರೆಗೆ ನಾಡನ್ನು ತಿಂದ ಆ ಮಹಾ ಬರದ ಗಾಯ ಇನ್ನೂ ಹಸಿಯಾಗಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ರಾಜ್ಯದ ಜನಸಂಖ್ಯೆ 1881ಕ್ಕೆ 42 ಲಕ್ಷದ ಒಳಗೆ ಬಂದಿತ್ತು. ಬರಗಾಲದ ಖರ್ಚಿನಿಂದಾಗಿ ಇಂಗ್ಲಿಷ್ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲ. ರಾಜ್ಯದ ಇಡೀ ವರ್ಷದ ಉತ್ಪತ್ತಿ ಆಗ ಒಂದು ಕೋಟಿಯ ಆಸುಪಾಸು. ಇದರ ಮೇಲೆ ಇಂಗ್ಲಿಷರಿಗೆ ವರ್ಷ ವರ್ಷ ಕೊಡಬೇಕಾದ ಪೊಗದಿ ಬೇರೆ. ಹಿಂದೆ ಇದ್ದ 24.5 ಲಕ್ಷವನ್ನು ಅವರು 35 ಲಕ್ಷಕ್ಕೆ ಏರಿಸಿದರು. ಏರಿಸಿದ ಭಾಗವನ್ನು ಐದು ವರ್ಷ ಮುಂದಕ್ಕೆ ಹಾಕಿದ್ದಷ್ಟೇ ಸಮಾಧಾನ.

ಅಂಗಡಿ ನಡೆಸುವವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ವ್ಯಾಪಾರ ಕುಸಿದಿದೆ, ಸಾಲ ತಲೆ ಮೇಲಿದೆ, ಬಾಡಿಗೆ ಏರುತ್ತದೆ ಅಂತ ಬೇರೆ ನೋಟೀಸು ಬಂದಿದೆ. ಏನು ಮಾಡಬೇಕು? ದಿವಾನರು ಖರ್ಚು ಕತ್ತರಿಸಿದರು. ಮೇಲಿನ ಹುದ್ದೆಗಳನ್ನು ತೆಗೆದರು. ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನೂ ಜಿಲ್ಲೆಗಳ ಪಟ್ಟಿಯಿಂದ ತೆಗೆದರು. ಜನಕ್ಕೆ ಇದರಿಂದ ತೊಂದರೆಯಾಗದೆ ಇರಲಿಲ್ಲ, ಕಚೇರಿಗಳು ದೂರವಾದವು. ಅವರ ಕಾಲವಾದ ಮೇಲೆ ಈ ಎರಡೂ ಮತ್ತೆ ಜಿಲ್ಲೆಗಳಾದವು.

ಒಂದು ಕೆಲಸಕ್ಕೆ ಮಾತ್ರ ಕೈ ಬಿಗಿ ಹಿಡಿಯಲಿಲ್ಲ. ಅದು ರೈಲು. ಬರಗಾಲದಲ್ಲಿ ಬೇರೆ ಕಡೆ ಧಾನ್ಯ ಇದ್ದರೂ ಹಸಿದವರ ಊರಿಗೆ ಸಾಗಿಸಲು ದಾರಿ ಇಲ್ಲದೆ ಜನ ಸತ್ತರು. ಇದು ರಂಗಾಚಾರ್ಲು ಅವರ ಮನಸ್ಸಿನಲ್ಲಿ ನಾಟಿತ್ತು. ಬರದ ಕಾಲದಲ್ಲಿ ಕೂಲಿ ಕೊಡಲೆಂದು ಶುರುವಾದ ಬೆಂಗಳೂರು–ಮೈಸೂರು ಹಳಿಯ ಕೆಲಸವನ್ನು ಪೂರ್ತಿ ಮಾಡಿಸಿದರು.

ದಸರಾಕ್ಕೆ ಬಂದ 144 ಜನ

ಇಷ್ಟೆಲ್ಲ ಮಾಡುವಾಗ ಬೇರೆ ಯಾವ ದಿವಾನರಾದರೂ ಬಾಗಿಲು ಹಾಕಿಕೊಂಡು ಮಾಡುತ್ತಿದ್ದರು. ದುಡ್ಡಿಲ್ಲದ ಸಂಗತಿಯನ್ನು ಬೀದಿಗೆ ಯಾಕೆ ಹೇಳಬೇಕು? ರಂಗಾಚಾರ್ಲು ಉಲ್ಟಾ ಮಾಡಿದರು. ದಿವಾನಗಿರಿಗೆ ಐದು ತಿಂಗಳು ತುಂಬಿತ್ತಷ್ಟೆ, 1881ರ ಆಗಸ್ಟ್‌ನಲ್ಲಿ ಮಹಾರಾಜರ ಹೆಸರಿನಲ್ಲಿ ಒಂದು ಆಜ್ಞೆ ಹೊರಟಿತು. ಪ್ರತಿ ತಾಲ್ಲೂಕಿನಿಂದ ಒಂದಿಬ್ಬರು ಅನುಕೂಲಸ್ಥ ರೈತರು, ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಮಂದಿ ಮುಖ್ಯ ವರ್ತಕರು ದಸರಾ ಹೊತ್ತಿಗೆ ಮೈಸೂರಿಗೆ ಬರಬೇಕು. ಕಳೆದ ವರ್ಷದ ಆಡಳಿತದ ಫಲ ಏನು, ಮುಂದಿನ ವರ್ಷ ಮಾಡಬೇಕೆಂದಿರುವ ಕೆಲಸ ಏನು ಅಂತ ಅವರಿಗೆ ತಿಳಿಸಲಾಗುವುದು. ಜನರ ಬೇಕು-ಬೇಡಗಳನ್ನು ಅವರು ಸರ್ಕಾರಕ್ಕೆ ನೇರವಾಗಿ ಹೇಳಬಹುದು. ಆಜ್ಞೆಯ ತಾತ್ಪರ್ಯ ಇಷ್ಟೇ.

1881ರ ಅಕ್ಟೋಬರ್ 7ರಂದು ಮೊದಲ ಸಭೆ ಸೇರಿತು. 144 ಜನ ಬಂದರು. ಮೈಸೂರಿನವರೆಗೆ ಆಗಿನ್ನೂ ರೈಲು ಬಂದಿರಲಿಲ್ಲ. ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕೈಕಟ್ಟಿ ನಿಲ್ಲುವುದನ್ನೇ ಕಂಡ ಜನಕ್ಕೆ ದಿವಾನರ ಎದುರು ಕೂತು ರಾಜ್ಯದ ಜಮಾ-ಖರ್ಚು ಕೇಳುವುದು ಎಂದರೆ ಹೊಸದು. ಸಾಲ ಇಷ್ಟಿದೆ, ಬರುವ ಹುಟ್ಟುವಳಿ ಇಷ್ಟು, ರೈಲಿಗೆ ಇಷ್ಟು ಅಂತ ದಿವಾನರು ಮುಚ್ಚುಮರೆ ಇಲ್ಲದೆ ಮುಂದಿಟ್ಟರು. ಬರೀ ಬೇಸಾಯ ನೆಚ್ಚಿಕೊಂಡರೆ ನಾಡು ಉದ್ಧಾರವಾಗದು, ಕೈಗಾರಿಕೆಯೂ ಅದರ ಸಮಕ್ಕೆ ಬೆಳೆಯಬೇಕು ಎಂಬ ಮಾತನ್ನೂ ಅವರು ಈ ಸಭೆಯ ಭಾಷಣಗಳಲ್ಲಿ ಒತ್ತಿ ಹೇಳುತ್ತಿದ್ದರು.

ಇಂಡಿಯಾದ ದೇಶೀ ಸಂಸ್ಥಾನಗಳಲ್ಲಿ ಇಂಥ ಸಭೆ ಇದೇ ಮೊದಲು. ಮುನಿಸಿಪಾಲಿಟಿ, ಲೋಕಲ್ ಬೋರ್ಡುಗಳಿಗೆ ಜನರೇ ಸದಸ್ಯರನ್ನು ಆರಿಸಬೇಕು ಅಂತ ವೈಸ್‌ರಾಯ್ ರಿಪ್ಪನ್ನರು ಹೆಸರಾಂತ ನಿರ್ಣಯ ಹೊರಡಿಸಿದ್ದು 1882ರ ಮೇ ತಿಂಗಳಿನಲ್ಲಿ. ಮೈಸೂರಿನಲ್ಲಿ ಜನರನ್ನು ಕರೆದು ಕೂರಿಸಿ ಆಗಲೇ ಏಳು ತಿಂಗಳು ಕಳೆದಿತ್ತು.

ಅಧಿಕಾರ ಇತ್ತೇ?

ಇರಲಿಲ್ಲ. ಇದನ್ನು ಮುಚ್ಚಿಡಬಾರದು. ಪ್ರಜಾಪ್ರತಿನಿಧಿ ಸಭೆಗೆ ತೆರಿಗೆ ಬೇಡ ಅನ್ನುವ ಹಕ್ಕಿಲ್ಲ, ಕಾನೂನು ಮಾಡುವ ಹಕ್ಕಿಲ್ಲ, ಬಜೆಟ್ ತಳ್ಳಿಹಾಕುವ ಹಕ್ಕಿಲ್ಲ. ಬಂದವರು ಹಣವಂತರು, ಭೂಮಿ ಕಾಣಿ ಉಳ್ಳವರು. ಕೂಲಿಯವರಿಲ್ಲ, ಹೆಂಗಸರಿಲ್ಲ, ಊರ ಹೊರಗಿನ ಕೇರಿಯವರಿಲ್ಲ. ಅವರನ್ನು ಜನ ಆರಿಸಿ ಕಳಿಸಿದ್ದೂ ಅಲ್ಲ. ಚುನಾವಣೆ ಬಂದದ್ದು 1891ರಲ್ಲಿ. ಅದೂ ಆಸ್ತಿ, ಕಂದಾಯದ ಮಟ್ಟ ನೋಡಿ.

ಹಾಗಾದರೆ ಪ್ರಯೋಜನ ಏನು ಬಂತು? ಪ್ರಯೋಜನ ಇದ್ದದ್ದು ಮುಂದಿನ ದಸರಾದಲ್ಲಿ. ಒಂದು ಸಲ ನಾಲ್ಕು ಜನರ ಎದುರು ಹೀಗೆ ಮಾಡುತ್ತೇವೆ ಅಂದಮೇಲೆ, ಮರುವರ್ಷ ಅದೇ ಜನ ಎದುರಿಗೆ ಬಂದು ಕೂರುತ್ತಾರೆ. ಏನಾಯಿತು ಸ್ವಾಮಿ ಅಂತ ಬಾಯಿಬಿಟ್ಟು ಕೇಳದೆ ಇದ್ದರೂ ಅವರ ಮುಖ ಕೇಳುತ್ತದೆ. 1882ರ ಅಕ್ಟೋಬರ್‌ನಲ್ಲಿ ಎರಡನೇ ಸಭೆ ಸೇರುವ ಹೊತ್ತಿಗೆ ರೈಲು ಮೈಸೂರು ಮುಟ್ಟಿತ್ತು. ದಿವಾನರ ವರದಿ ನಿಜವೋ ಸುಳ್ಳೋ ಅಂತ ನೋಡಲು ಕಾಗದ ತಿರುವಿಹಾಕಬೇಕಾಗಿರಲಿಲ್ಲ, ಸ್ಟೇಷನ್ನಿಗೆ ಹೋಗಿ ನೋಡಿದರೆ ಸಾಕಿತ್ತು.

ಎರಡೇ ಸಭೆ

ರಂಗಾಚಾರ್ಲು ನಡೆಸಿದ್ದು ಆ ಎರಡೇ ಸಭೆ. ದುಡಿತಕ್ಕೆ ದೇಹ ಸೋತಿತ್ತು. ಆರೋಗ್ಯ ಕೆಟ್ಟು ಮದರಾಸಿಗೆ ಹೋದವರು 1883ರ ಜನವರಿ 20ರಂದು ಅಲ್ಲೇ ಕಣ್ಣುಮುಚ್ಚಿದರು. ದಿವಾನರಾಗಿ ಎರಡು ವರ್ಷವೂ ತುಂಬಿರಲಿಲ್ಲ.

ಸಾಮಾನ್ಯವಾಗಿ ಇಂಥ ಹೊಸ ಪದ್ಧತಿಗಳು ಶುರುಮಾಡಿದವರ ಜೊತೆಗೇ ಮಣ್ಣಾಗುತ್ತವೆ. ಇದು ಆಗಲಿಲ್ಲ. ಅವರ ನಂತರ ದಿವಾನರಾದ ಶೇಷಾದ್ರಿ ಅಯ್ಯರ್ ಸಭೆಯನ್ನು ಮುಂದುವರಿಸಿದರು, ಚುನಾವಣೆ ತಂದರು. ಕೆರೆ ರಿಪೇರಿ, ಕಾಡಿನ ಕಾನೂನು, ಕಂದಾಯದ ಕಷ್ಟ, ರಸ್ತೆ, ಶಾಲೆ ಎಲ್ಲವೂ ಅಲ್ಲಿ ಮಾತಿಗೆ ಬಂದವು. ಬಾಲ್ಯವಿವಾಹ ತಡೆಯುವ 1894ರ ಕಾನೂನಿನ ಚರ್ಚೆಯೂ ಅಲ್ಲಿ ನಡೆಯಿತು. ದಿವಾನರ ಮೇಲೆ ದಿವಾನರು ಬಂದರು, ದಸರಾ ಬಂದಾಗ ಮಾತ್ರ ಲೆಕ್ಕ ಹೇಳುವುದು ತಪ್ಪಲಿಲ್ಲ. ವಿಶ್ವೇಶ್ವರಯ್ಯನವರ ಆಸಕ್ತಿಯಿಂದ 1911ರಲ್ಲಿ ಶುರುವಾದ ಮೈಸೂರು ಎಕನಾಮಿಕ್ ಕಾನ್ಫರೆನ್ಸೂ ಜನರನ್ನು ಸೇರಿಸಿ, ಗುರಿ ಇಟ್ಟು, ಕೆಲಸ ನೋಡುವ ಇದೇ ಹಾದಿಯಲ್ಲಿ ನಡೆಯಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಬಲವೂ ಬಂತು. 1949ರಲ್ಲಿ ಅದು ವಿಸರ್ಜನೆಯಾಗುವವರೆಗೆ, 68 ವರ್ಷ, ಮೈಸೂರು ಸಂಸ್ಥಾನದ ಜನರಿಗೆ ಸರ್ಕಾರವನ್ನು ಎದುರಿಗೆ ಕೂತು ಕೇಳುವ ಅಭ್ಯಾಸ ಕಲಿಸಿದ್ದು ಆ ಸಭೆಯೇ.

ದಿವಾನರ ನೆನಪಿಗೆ ಅಂತ ಜನರ ವಂತಿಗೆಯಿಂದ ಟೌನ್‌ಹಾಲ್ ಎದ್ದಿತು. ಚಾಮರಾಜೇಂದ್ರ ಒಡೆಯರು ಅಡಿಗಲ್ಲು ಹಾಕಿದ್ದು 1884ರಲ್ಲಿ. ಪ್ರಜಾಪ್ರತಿನಿಧಿ ಸಭೆಯೂ ಅಲ್ಲಿ ಸೇರಿದ್ದುಂಟು. ಲೆಕ್ಕ ಒಪ್ಪಿಸಿದವರ ಹೆಸರಿನ ಮನೆಯಲ್ಲೇ ಲೆಕ್ಕ ಒಪ್ಪಿಸುವ ಸಭೆ!

ಕೇಳುವವರು ಎಲ್ಲಿ?

ಈಗ ಕಾಲ ಬೇರೆ. 2023ರಲ್ಲಿ ಮೈಸೂರು ಮಹಾನಗರ ಪಾಲಿಕೆಗೆ 65 ವಾರ್ಡು ಇದ್ದವು. ಮೂರು ಲಕ್ಷಕ್ಕಿಂತ ಹೆಚ್ಚು ಜನ ಇರುವ ಊರಿಗೆ ವಾರ್ಡ್ ಸಮಿತಿ ಇರಬೇಕು ಅಂತ 1992ರ ಸಂವಿಧಾನ ತಿದ್ದುಪಡಿಯೇ ಹೇಳುತ್ತದೆ. ಬಜೆಟ್ ಅಂಕಿ-ಅಂಶ ಯಾರು ಬೇಕಾದರೂ ಕೇಳಿ ಪಡೆಯಲು 2005ರ ಮಾಹಿತಿ ಹಕ್ಕು ಕಾನೂನಿದೆ. 1881ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಬಂದ ರೈತನಿಗೆ ಕನಸಿನಲ್ಲೂ ಸಿಗದಿದ್ದ ಹಕ್ಕುಗಳು ಇವು.

ಆದರೆ ವಿಚಿತ್ರ ನೋಡಿ. 2023ರ ನವೆಂಬರ್‌ನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಚುನಾವಣೆ ಹೊತ್ತಿಗೆ ಸರಿಯಾಗಿ ಆಗಲಿಲ್ಲ. 2024ರ ಬಜೆಟ್ ಜನ ಆರಿಸಿದ ಒಬ್ಬ ಸದಸ್ಯನೂ ಇಲ್ಲದೆ, ಆಡಳಿತಾಧಿಕಾರಿ ಕೈಯಲ್ಲೇ ಮುಗಿಯಿತು. ಕಂದಾಯ ಕಟ್ಟುವುದೇನೂ ನಿಲ್ಲಲಿಲ್ಲ. ಲೈಸೆನ್ಸ್ ಫೀ ನಿಲ್ಲಲಿಲ್ಲ. ನಿಂತದ್ದು ಕಳೆದ ವರ್ಷ ಹೇಳಿದ ಚರಂಡಿ ಏನಾಯಿತು ಅಂತ ಸಭೆಯಲ್ಲಿ ಎದ್ದು ಕೇಳಬೇಕಾದ ದನಿ. ಚುನಾವಣೆಯೇ ಇಲ್ಲದ ಕಾಲದಲ್ಲಿ ಒಬ್ಬ ದಿವಾನರು ಕೇಳುವವರನ್ನು ತಾವೇ ಹುಡುಕಿ ಕರೆಸಿದರು. ಚುನಾವಣೆಯ ಕಾನೂನು ಇರುವ ಕಾಲದಲ್ಲಿ ಕೇಳುವವರ ಕುರ್ಚಿ ಖಾಲಿ ಉಳಿಯಿತು, ಅದಕ್ಕೆ ಊರಿನಲ್ಲಿ ಹೆಚ್ಚು ಗಲಾಟೆಯೂ ಆಗಲಿಲ್ಲ.

ರಂಗಾಚಾರ್ಲು ಅವರ ಲೆಕ್ಕ ಸರಳ. ಅಂಗಡಿಯವರು ವರ್ಷಕ್ಕೊಮ್ಮೆ ಹಳೇ ಪುಸ್ತಕ ಮುಗಿಸಿ ಹೊಸ ಪುಸ್ತಕಕ್ಕೆ ಪೂಜೆ ಮಾಡುವ ಹಾಗೆ, ಸರ್ಕಾರವೂ ವರ್ಷಕ್ಕೊಮ್ಮೆ ಹಳೇ ಪುಟ ತೋರಿಸಿಯೇ ಹೊಸ ಪುಟ ತೆರೆಯಬೇಕು. ಹಳೇ ಬಾಕಿ ಹೇಳದೆ ಹೊಸ ಪಟ್ಟಿ ಓದುವವರನ್ನು ಯಾವ ವ್ಯಾಪಾರಿಯೂ ನಂಬುವುದಿಲ್ಲ. ಊರಿನ ದುಡ್ಡಿಗೆ ಮಾತ್ರ ಬೇರೆ ನ್ಯಾಯ ಯಾಕೆ?