ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್

ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ (17 ಜನವರಿ 1839 – 27 ಸೆಪ್ಟೆಂಬರ್ 1900) ಜರ್ಮನಿಯ ಸಸ್ಯವಿಜ್ಞಾನಿ. ಕಾಡುಮರಗಳ ಬೇರಿಗೂ ಮಣ್ಣಿನ ಶಿಲೀಂಧ್ರಕ್ಕೂ ಇರುವ ಸಹಜೀವನವನ್ನು ವಿವರಿಸಿ, ಅವೆರಡೂ ಕೂಡಿ ಆಗುವ ಅಂಗಕ್ಕೆ 1885ರಲ್ಲಿ ಮೈಕೊರೈಜಾ (ಶಿಲೀಂಧ್ರಬೇರು) ಎಂಬ ಹೆಸರನ್ನಿತ್ತವನು ಈತ.

ಜೀವನ

ಹುಟ್ಟಿದ್ದು ಡ್ರೆಸ್ಡೆನ್ ನಗರದಲ್ಲಿ. ಲೈಪ್ಸಿಗ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ ಅಲ್ಲಿಯೇ ಅಧ್ಯಾಪಕನಾದ. 1877ರಲ್ಲಿ ಕಲ್ಲುಹೂಗಳನ್ನು ಕುರಿತು ಬರೆಯುತ್ತ, ಎರಡು ಜೀವಿಗಳು ಒಟ್ಟಿಗೆ ಬಾಳುವುದನ್ನೆಲ್ಲ ಪರಾವಲಂಬನೆಯೆಂದು ಮೊದಲೇ ತೀರ್ಮಾನಿಸಲಾಗದೆಂದು ವಾದಿಸಿ, ಸಹಜೀವನವೆಂಬ ಅರ್ಥದ ಪದವೊಂದನ್ನು ಬಳಕೆಗೆ ತಂದ. 1880ರಲ್ಲಿ ಸಸ್ಯರೋಗಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ. 1881ರಲ್ಲಿ ಬರ್ಲಿನ್ನಿನ ಕೃಷಿ ಮಹಾವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿ ನೇಮಕಗೊಂಡ.

ಶಿಲೀಂಧ್ರಬೇರಿನ ಶೋಧ

ಈ ಶೋಧಕ್ಕೆ ಕಾರಣವಾದದ್ದು ಅಡುಗೆಮನೆಯ ವಸ್ತು. ದುಬಾರಿ ಬೆಲೆಯ ಟ್ರಫಲ್ ಅಣಬೆಯನ್ನು ಪ್ರಷ್ಯದಲ್ಲಿ ಬೆಳೆಯಬಹುದೇ ಎಂದು ಪರಿಶೀಲಿಸುವ ಕೆಲಸವನ್ನು ಸರ್ಕಾರ ಫ್ರಾಂಕ್‌ಗೆ ಒಪ್ಪಿಸಿತ್ತು. ಬೆಳೆಯ ಉದ್ದೇಶ ಕೈಗೂಡಲಿಲ್ಲ. ಆದರೆ ಓಕ್, ಬೀಚ್ ಮೊದಲಾದ ಮರಗಳ ಎಳೆಬೇರುಗಳನ್ನು ಶಿಲೀಂಧ್ರದ ಎಳೆಗಳು ಕವಚದಂತೆ ಮುಚ್ಚಿರುವುದೂ ಹೀಗಿದ್ದರೂ ಮರಗಳು ಆರೋಗ್ಯವಾಗಿಯೇ ಇರುವುದೂ ಈತನ ಗಮನಕ್ಕೆ ಬಂದವು. ಶಿಲೀಂಧ್ರವು ಮರಕ್ಕೆ ದಾದಿಯಂತೆ ಮಣ್ಣಿನ ನೀರನ್ನೂ ಪೋಷಕಾಂಶಗಳನ್ನೂ ಉಣಿಸುತ್ತದೆಂಬುದು ಈತನ ನಿಲುವು.

ಬೇರಿನ ಶಿಲೀಂಧ್ರವೆಂದರೆ ರೋಗವೆಂದೇ ನಂಬಿದ್ದ ಕಾಲವದು. ಅರಣ್ಯರೋಗ ತಜ್ಞ ರಾಬರ್ಟ್ ಹಾರ್ಟಿಗ್ ಈ ವಾದವನ್ನು ಬಲವಾಗಿ ವಿರೋಧಿಸಿದ. ಆತನ ತಂದೆ ಥಿಯೋಡರ್ ಹಾರ್ಟಿಗ್ ಬೇರಿನ ಜೀವಕೋಶಗಳ ನಡುವಣ ಶಿಲೀಂಧ್ರಜಾಲವನ್ನು, ಅದು ಶಿಲೀಂಧ್ರವೆಂದು ತಿಳಿಯದೆಯೇ, ಹಿಂದೆಯೇ ಚಿತ್ರಿಸಿದ್ದ. ಇಂದಿಗೂ ಅದಕ್ಕೆ ಹಾರ್ಟಿಗ್ ಜಾಲವೆಂದೇ ಹೆಸರು. ವಿರೋಧಕ್ಕೆ ಉತ್ತರವಾಗಿ ಫ್ರಾಂಕ್ ಪೈನ್ ಸಸಿಗಳನ್ನು ಕಾಡಿನ ಮಣ್ಣಿನಲ್ಲಿಯೂ ಕಾಯಿಸಿ ಶುದ್ಧೀಕರಿಸಿದ ಮಣ್ಣಿನಲ್ಲಿಯೂ ಬೆಳೆಸಿದ. ಶಿಲೀಂಧ್ರವಿಲ್ಲದ ಸಸಿಗಳು ಸೊರಗಿದವು. ಕಾಯಿಸುವುದರಿಂದ ಮಣ್ಣಿನ ಗುಣವೂ ಬದಲಾಗುವುದರಿಂದ ಈ ಪ್ರಯೋಗವೊಂದೇ ವಾದವನ್ನು ಮುಗಿಸಲಾರದಾಯಿತು.

ಫ್ರಾಂಕ್‌ನ ಎಲ್ಲ ನಿಲುವುಗಳೂ ಉಳಿಯಲಿಲ್ಲ. ಸಸ್ಯಗಳು ಸಾಮಾನ್ಯವಾಗಿ ಗಾಳಿಯ ಸಾರಜನಕವನ್ನು ತಾವೇ ಹೀರಬಲ್ಲವೆಂಬ ಈತನ ವಾದ ತಪ್ಪೆಂದು ಸಿದ್ಧವಾಯಿತು. ಮರವೂ ಶಿಲೀಂಧ್ರಕ್ಕೆ ಸಕ್ಕರೆಯನ್ನು ಕೊಡುತ್ತದೆಂಬುದು ಪ್ರಯೋಗಗಳಿಂದ ಸ್ಪಷ್ಟವಾದದ್ದು ಈತನ ಮರಣಾನಂತರ.

ಪರ್ವತದ ಸ್ಪ್ರೂಸ್ ಕಾಡುಗಳು

ಫ್ರಾಂಕ್‌ನ ವಿಚಾರಕ್ಕೆ ಹೆಚ್ಚಿನ ಬೆಲೆ ಬಂದದ್ದು ಶೀತಪ್ರದೇಶದ ಕಾಡುಗಳಲ್ಲಿ. ಮಧ್ಯ ಯುರೋಪಿನ ಪರ್ವತಗಳಲ್ಲಿ ಸ್ಪ್ರೂಸ್ ಮರದ ಉದುರೆಲೆ ಚಳಿಯಿಂದಾಗಿ ನಿಧಾನವಾಗಿ ಕೊಳೆಯುತ್ತದೆ; ಸಾರಜನಕವೂ ರಂಜಕವೂ ಆ ಆಮ್ಲೀಯ ಪದರದಲ್ಲಿಯೇ ಸಿಕ್ಕಿಕೊಂಡಿರುತ್ತವೆ. ಅವನ್ನು ಬೇರಿಗೆ ತಲುಪಿಸುವುದು ಮುಖ್ಯವಾಗಿ ಶಿಲೀಂಧ್ರದ ಎಳೆಗಳು. ಸ್ವೀಡನ್ನಿನ ಎಲಿಯಾಸ್ ಮೆಲಿನ್ 1920ರ ದಶಕದಲ್ಲಿ ಶುದ್ಧ ಶಿಲೀಂಧ್ರಗಳನ್ನು ಪೈನ್, ಸ್ಪ್ರೂಸ್ ಸಸಿಗಳೊಡನೆ ಬೆಳೆಸಿ ಈ ಸಂಬಂಧವನ್ನು ಪ್ರಯೋಗದಿಂದ ತೋರಿಸಿದ. ಅನಂತರ ಆಸ್ಟ್ರಿಯದ ಮೈನ್‌ಹಾರ್ಡ್ ಮೋಸರ್ ಆಲ್ಪ್ಸ್‌ನ ಎತ್ತರದ ಇಳಿಜಾರುಗಳಲ್ಲಿ ನೆಡುವ ಸಸಿಗಳಿಗೆ ಸಸ್ಯಪಾಲನಾ ಕ್ಷೇತ್ರದಲ್ಲಿಯೇ ತಕ್ಕ ಶಿಲೀಂಧ್ರವನ್ನು ಸೇರಿಸುವ ವಿಧಾನವನ್ನು ರೂಪಿಸಿದ. ಗಾಳಿಯಿಂದ ಮಣ್ಣಿಗೆ ಇಳಿಯುವ ಸಾರಜನಕ ಮಾಲಿನ್ಯ ಹೆಚ್ಚಿದಲ್ಲಿ ಇಂಥ ಶಿಲೀಂಧ್ರಗಳ ಅಣಬೆಗಳು ಕಡಿಮೆಯಾಗುತ್ತವೆ; ಆದ್ದರಿಂದ ಈಗ ಕಾಡಿನ ಆರೋಗ್ಯವನ್ನು ಅಳೆಯುವವರು ಮರದ ತಲೆಯನ್ನಷ್ಟೇ ಅಲ್ಲದೆ ಬೇರಿನ ತುದಿಗಳನ್ನೂ ಪರೀಕ್ಷಿಸುತ್ತಾರೆ.